ಸಾಕಾಗದ ಬೆಳಕು

ಗಂಡ ಮತ್ತೆ ಮೆಟ್ಟಿಲಲ್ಲಿ ಎಡವಿದ. ಬೀಳಲಿಲ್ಲ, ಅವಳ ಮೊಣಕೈ ಹಿಡಿದುಕೊಂಡ.

"ಕಾಣಿಸ್ಲಿಲ್ವೇನ್ರೀ?"

"ಅಂಚು ಗೊತ್ತಾಗ್ಲಿಲ್ಲ ಕಣೇ. ಬಿಳಿ ಪಟ್ಟಿ ಅಂಟಿಸಿಬಿಡು."

ಅವಳ ಕಸುಬೇ ಬೆಳಕು. ಅಂಗಡಿ, ಆಸ್ಪತ್ರೆ, ಗ್ರಂಥಾಲಯ, ಎಲ್ಲಿ ಎಷ್ಟು ಬೆಳಕು ಬೀಳಬೇಕೆಂದು ಅಳೆದು ಹೇಳುವವಳು. ಯಾರಿಗಾದರೂ ಕಾಣದಿದ್ದರೆ ಕಣ್ಣನ್ನು ಬೈಯಬೇಡ, ಮೊದಲು ಬೆಳಕನ್ನು ಬೈಯಿ ಎಂದು ಗುರುಗಳು ತಲೆಗೆ ತುಂಬಿದ್ದರು. ಹಾಗಾಗಿ ಬೆಳಕನ್ನೇ ಬೈದಳು. ಪಟ್ಟಿ ಅಂಟಿಸಿದಳು. ಮೆಟ್ಟಿಲಿಗೊಂದು ದೀಪ ಹಾಕಿದಳು. ಸಾಲದೆಂದು ಇನ್ನೊಂದು ಹಾಕಿದಳು.

ಮನೆಯೊಳಗೂ ಅವನು ಕಪ್ಪು ಕನ್ನಡಕ ಹಾಕತೊಡಗಿದಾಗ ಅವಳ ಜೀವ ಬಾಯಿಗೆ ಬಂತು. ಅವನು ಕೈಗಡಿಯಾರ ರಿಪೇರಿ ಮಾಡುವವನು. ಕಣ್ಣು ಹೋದರೆ ಅವನ ಗತಿಯೇನು? ಕೂದಲೆಳೆಯಂಥ ಸ್ಕ್ರೂಗಳನ್ನು ಈಗಲೂ ಹೇಗೋ ಕೂರಿಸುತ್ತಿದ್ದ. ಅಭ್ಯಾಸಬಲ, ಪಾಪ, ಅಂದುಕೊಂಡಳು.

ಭಾನುವಾರ ಅವಳು ಏಣಿ ಹತ್ತಿ ಮತ್ತೊಂದು ದೀಪ ಕೂರಿಸಿದಳು. ಅವನು ಒಂದು ಕೈಯಲ್ಲಿ ಏಣಿ, ಇನ್ನೊಂದು ಕೈಯಲ್ಲಿ ಬೆಳಕಿನ ಮೀಟರ್ ಹಿಡಿದು ನಿಂತಿದ್ದ.

"ಎಷ್ಟು ತೋರಿಸ್ತಿದೆ?"

"ಆಪರೇಷನ್ ಮಾಡೋಷ್ಟಿದೆ. ಇಳಿ ಮಾರಾಯ್ತಿ, ಸಾಕು."

ಸುಳ್ಳು! ಮೀಟರ್ ಓದಲೂ ಆಗದೆ ಬಾಯಿಗೆ ಬಂದದ್ದು ಹೇಳುತ್ತಿದ್ದಾನೆ. ಅವಳಿಗೆ ಅಳು ಉಕ್ಕಿ ಬಂತು. ಕಸುಬೂ ಕೈಕೊಡುತ್ತಿತ್ತು. 'ಕಣ್ಣು ಕುಕ್ಕುತ್ತೆ ಮೇಡಂ' ಎಂದು ಅವಳು ಹಾಕಿಸಿದ ದೀಪಗಳನ್ನು ಗ್ರಾಹಕರು ಕಿತ್ತುಹಾಕಿಸುತ್ತಿದ್ದರು. ಕುಕ್ಕುತ್ತದಂತೆ! ಬೆಳಕಿನ ಗಂಧಗಾಳಿ ಇಲ್ಲದವರು!

"ಕೈ ಮುಗೀತೀನಿ, ಕಣ್ಣಿನ ಡಾಕ್ಟರ ಹತ್ರ ಹೋಗೋಣ. ದೀಪದ ಬುಡದಲ್ಲೇ ಕತ್ತಲೆ ಅಂತ ಜನ ನಗೋ ಹಾಗಾಗಿದೆ."

"ನೀನೂ ಬಂದ್ರೆ ಬರ್ತೀನಿ," ಎಂದ. ಇದಕ್ಕೇ ಕಾದಿದ್ದವನ ಹಾಗೆ ಅಂದೇ ಡಾಕ್ಟರಿಗೆ ಫೋನ್ ಮಾಡಿದ.

ಮರುದಿನ ದಾರಿಯುದ್ದಕ್ಕೂ ಅವನು ಅವಳ ಮೊಣಕೈ ಬಿಡಲಿಲ್ಲ. ಪಾಪ, ನಾನಿಲ್ಲದೆ ನಾಲ್ಕು ಹೆಜ್ಜೆ ಇಡಲಾರ, ಎಂದು ಅವಳ ಕರುಳು ಚುರುಕ್ಕೆಂದಿತು.

ಡಾಕ್ಟರ ಕೋಣೆ ಬರೀ ಮಬ್ಬು.

"ಬನ್ನಿಮ್ಮಾ, ಕೂತ್ಕೊಳ್ಳಿ," ಎಂದರು ಡಾಕ್ಟರು.

"ನನಗಲ್ಲ, ಇವರಿಗೆ. ಮೊದ್ಲು ದೀಪ ಹಾಕಿ ಸ್ವಾಮಿ! ಈ ಕತ್ತಲೇಲಿ ಯಾರ ಕಣ್ಣು ಏನಂತ ನೋಡ್ತೀರಿ?"

ಗಂಡ ಅವಳನ್ನು ಮೆಲ್ಲಗೆ ಕುರ್ಚಿಯ ಮೇಲೆ ಕೂರಿಸಿದ.

"ನಿನ್ನ ಕಣ್ಣು ತೋರ್ಸು ಅಂದಿದ್ರೆ ನೀನು ಬರ್ತಿದ್ಯಾ?" ಎಂದು ಬಿಕ್ಕಿದ. "ನಾನು ಎಡವಿದ್ದೆಲ್ಲ ನಿನ್ನ ಕೈ ಹಿಡ್ಕೊಳ್ಳೋಕೆ. ದೀಪ ಉರೀತಾನೇ ಇದೆ ಕಣೇ. ಮನೇಲೂ ಅಷ್ಟೇ... ಆ ಬೆಳಕು ತಡೀಲಾರದೇ ನಾನು ಕಪ್ಪು ಕನ್ನಡಕ ಹಾಕಿದ್ದು."