ಹಂಡೆಯಡಿಯ ಹಸಿರು ಬೆಂಕಿ

ಬಚ್ಚಲಿನ ಹಂಡೆಯ ಕೆಳಗೆ ಬೆಂಕಿ ಹಸಿರಾಗಿ ಉರಿಯುತ್ತಿತ್ತು. ಮೊದಲು ಕಂಡವರು ಕೌಸಲ್ಯಮ್ಮ. ಕೆದಂಬಾಡಿಯ ಯಜ್ಞೇಶ್ವರ ಭಟ್ಟರ ಮನೆಗೆ ಹುಡುಗಿ ನೋಡಲು ಬಂದು, ಸಜ್ಜಿಗೆ ಅವಲಕ್ಕಿ ಮುಗಿಸಿ ಕೈ ತೊಳೆಯಲು ಹೊರಟವರು ಚೊಂಬು ಹಿಡಿದಲ್ಲೇ ನಿಂತುಬಿಟ್ಟರು.

"ಎಂತದ್ದು ಮಾರಾಯ ಇದು? ಅಗ್ನಿಗೆ ಈ ಬಣ್ಣ ಉಂಟಾ?"

ಅವರ ಹಿಂದೆಯೇ ಇದ್ದ ಕೃಷ್ಣಮೋಹನನ ಮುಖ ಮಾತ್ರ ಊರಗಲ ಅರಳಿತು. ಅವನು ಪುತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಜ್ವಾಲೆಯ ಬಣ್ಣ ನೋಡಿ ಅದರಲ್ಲಿರುವ ಲೋಹದ ಹೆಸರು ಹೇಳುವ ಪಾಠವೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಅಷ್ಟು ಹೊತ್ತು ಹುಡುಗಿಯ ಎದುರು ತುಟಿ ಬಿಚ್ಚದೆ ಕೂತಿದ್ದವನಿಗೆ ಈಗ ಮಾತು ತಾನಾಗಿ ಹೊರಟಿತು.

"ಅದು ತಾಮ್ರ ದೊಡ್ಡಮ್ಮ. ಅಡಿಕೆಗೆ ಬಿಡುವ ಮದ್ದಿನಲ್ಲಿ ಮೈಲುತುತ್ತು ಇರ್ತದಲ್ಲ, ಅದರದ್ದು."

ಮಾತೇನೋ ಸರಿಯೇ. ಮಳೆಗಾಲವೆಲ್ಲ ಪೀಪಾಯಿಯಲ್ಲಿ ಮದ್ದು ಕದಡಿ ನೀಲಿಗಟ್ಟಿದ ಕೋಲು ಮೊನ್ನೆ ಮುರಿದಿತ್ತು. ಒಂದು ಕಡ್ಡಿಯನ್ನೂ ದಂಡ ಮಾಡದ ಭಟ್ಟರು ಅದನ್ನು ಬಚ್ಚಲೊಲೆಗೆ ತುರುಕಿದ್ದರು. ಕೃಷ್ಣಮೋಹನ ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಸುಣ್ಣವಾದರೆ ಇಟ್ಟಿಗೆಗೆಂಪು, ಪೊಟ್ಯಾಸಿಯಂ ಆದರೆ ನೇರಳೆ ಎಂದು ಅವನು ಮುಂದುವರಿಸಿದಷ್ಟೂ ದೊಡ್ಡಮ್ಮನ ಹುಬ್ಬು ಗಂಟಾಗುತ್ತ ಹೋಯಿತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಈ ಎರಡು ಲೋಹಗಳ ಪಾಠ ಮಾತ್ರ ಅವನಿಗೆ ಯಾರೂ ಮಾಡಿರಲಿಲ್ಲ.

"ನಿನ್ನ ತಾಮ್ರ ನಿನ್ನ ಶಾಲೆಯಲ್ಲಿರ್ಲಿ," ಎಂದರು ಕೌಸಲ್ಯಮ್ಮ. "ಹುಡುಗಿ ನೋಡ್ಲಿಕ್ಕೆ ಬಂದ ದಿನವೇ ಅಗ್ನಿ ಹೀಗೆ ಮುಖ ತೋರಿಸಿದ್ರೆ ನಾನು ಹೇಗೆ ಹೂಂ ಅನ್ನುದು?"

ತಾಯಿಯಿಲ್ಲದ ಕೃಷ್ಣಮೋಹನನನ್ನು ಸಾಕಿದ ದೊಡ್ಡಮ್ಮ ಬೇಡ ಅಂದರೆ ಸಂಬಂಧ ಅಲ್ಲಿಗೆ ಮುಗಿಯಿತು. ಅವನಿಗೋ ಭಟ್ಟರ ಮಗಳು ವಸುಮತಿ ಮನಸ್ಸಿಗೆ ಬಂದಾಗಿತ್ತು. ಮಂಗಳೂರಿನಲ್ಲಿ ವಿಜ್ಞಾನ ಓದಿ ಇಂಟರ್ಮೀಡಿಯೆಟ್ ಪಾಸಾದ ಹುಡುಗಿ ಎಂಬ ಒಂದೇ ಮಾತಿಗೆ ಆಲಂಕಾರಿನ ಮನೆಯಿಂದ ಬಂದವನು, ಅವಳು ಕಾಫಿ ಕೊಡುತ್ತ ನೇರ ಮುಖ ನೋಡಿದಾಗ ಪೂರ್ತಿ ಸೋತಿದ್ದ. ಈಗ ಇನ್ನಷ್ಟು ವಿವರಿಸಿದರೆ ಸರಿಹೋದೀತೆಂದು ಅವನು ಬಾಯಿ ತೆರೆಯುವಷ್ಟರಲ್ಲಿ, ಕೈ ಒರೆಸಲು ಬೈರಾಸು ಹಿಡಿದುಕೊಂಡು ವಸುಮತಿಯೇ ಬಂದಳು. ಅದನ್ನು ಕೊಡುವಾಗ ಅವನಿಗೆ ಮಾತ್ರ ಕೇಳುವಂತೆ ಹೇಳಿದಳು:

"ಮಾಸ್ತರ್ರೇ, ಇನ್ನು ಸ್ವಲ್ಪ ಸುಮ್ಮನೆ ಇರಿ."

ಆಮೇಲೆ ಕೌಸಲ್ಯಮ್ಮನ ಕಡೆ ತಿರುಗಿ, ಯಾರದ್ದೋ ಕಣ್ಣು ತಾಗಿರಬೇಕು, ಒಮ್ಮೆ ದೃಷ್ಟಿ ತೆಗೆದು ನೋಡಬಹುದಲ್ಲ ಎಂದು ವಿನಯದಿಂದ ಕೇಳಿದಳು. ದೊಡ್ಡಮ್ಮನಿಗೆ ಈ ಮಾತು ಹಿಡಿಸಿತು. ಹುಡುಗಿಗೆ ತಿಳಿವಳಿಕೆ ಉಂಟು ಎನ್ನುತ್ತ, ಅವಳು ತಂದ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ, ಕಣ್ಣು ಮುಚ್ಚಿ ನಿವಾಳಿಸತೊಡಗಿದರು. ಅಷ್ಟರಲ್ಲಿ ವಸುಮತಿ ಹೊರಗೆ ಚಾಚಿದ್ದ ತುದಿಯನ್ನು ಕಾಲ ಬೆರಳಲ್ಲಿ ಹಿಡಿದು ಆ ಕೋಲನ್ನು ಮೆಲ್ಲಗೆ ಒಲೆಯಿಂದ ಹೊರಗೆ ಎಳೆದು ಬೂದಿಯೊಳಗೆ ಒತ್ತಿದ್ದನ್ನು ಕೃಷ್ಣಮೋಹನ ನೋಡಿದ. ನೋಡಿ ಅವನಿಗೆ ನಗು ತಡೆಯುವುದೇ ಕಷ್ಟವಾಯಿತು.

ಉಪ್ಪು ಒಲೆಗೆ ಬಿದ್ದು ಚಟಚಟ ಸಿಡಿಯಿತು. ಕೆಂಡದ ಮೇಲೆ ಜ್ವಾಲೆ ಭಗ್ಗನೆದ್ದು ಅಚ್ಚ ಹಳದಿಯಾಗಿ ಉರಿಯಿತು.

"ನೋಡು, ಅರಸಿನದ ಬಣ್ಣ," ಎಂದರು ಕೌಸಲ್ಯಮ್ಮ. ಅವರ ಕಣ್ಣಲ್ಲಿ ನೀರಿತ್ತು. "ಅಗ್ನಿ ಒಪ್ಪಿದ. ನೀನೆಂತ ಹೇಳ್ತಿ, ಮಾಸ್ತರ? ಇದು ಅರಸಿನ ಹೌದಾ ಅಲ್ವಾ?"

ಉಪ್ಪಿನಲ್ಲಿರುವ ಸೋಡಿಯಂ ಎಂಬ ಶಬ್ದ ಅವನ ನಾಲಿಗೆಯ ತುದಿಗೆ ಬಂದು ಕೂತಿತ್ತು. ವಸುಮತಿ ತುಟಿ ಕಚ್ಚಿಕೊಂಡು ಹಂಡೆಯನ್ನೇ ನೋಡುತ್ತಿದ್ದಳು.

"ಅರಸಿನವೇ ದೊಡ್ಡಮ್ಮ," ಎಂದ ಕೃಷ್ಣಮೋಹನ.

ಕ್ಲಾಸಿನಲ್ಲಿ ಯಾರಾದರೂ ಈ ಉತ್ತರ ಕೊಟ್ಟಿದ್ದರೆ, ಸೊನ್ನೆ ಹಾಕಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದವನು ಅವನೇ.