ಶೆಡ್ಡಿನ ಹಿಂದೆ

"ಇವತ್ತೂ ಇಲ್ಲ."

ಟೈಲರಾಂಟಿ ನಸ್ಟರ್ಷಿಯಂ ಹೂಗಿಡದ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಬಟ್ಟೆಯ ಮಡಿಕೆಯಲ್ಲಿ ಕಳೆದ ಸೂಜಿ ಹುಡುಕುವವಳಂತೆ ಒಂದೊಂದೇ ಎಲೆಯನ್ನು ಎತ್ತಿ ನೋಡಿದಳು. ಎಲೆಗಳೇನೋ ತಟ್ಟೆಯಗಲ ಬೆಳೆದಿದ್ದವು. ಹೂವಿಲ್ಲ. ಮೊಗ್ಗಿನ ಸುಳಿವೂ ಇಲ್ಲ.

"ಅಳಿಯ ಬಂದ್ರೂ ಯಾರೂ ಇಷ್ಟು ಉಪಚಾರ ಮಾಡಲ್ಲ ಮಾರಾಯ್ತಿ," ಎಂದ ಗಂಡ, ಮೆಟ್ಟಿಲ ಮೇಲೆ ಕೂತು ಬೂಟಿನ ಲೇಸು ಕಟ್ಟುತ್ತ. ಅವನು ಲಿಫ್ಟ್ ರಿಪೇರಿಯವನು, ರಜೆಯ ದಿನವೂ ಕರೆ ಬಂದರೆ ಹೊರಡಬೇಕು. "ಎರೆಗೊಬ್ಬರ ಆಯ್ತು, ಹಿಂಡಿ ಆಯ್ತು, ಈಗ ಮೊಟ್ಟೆ ಸಿಪ್ಪೆ ಬೇರೆ."

"ನಿಮ್ಮಲ್ಲೂ ಹೂ ಬಿಡೋ ಲಕ್ಷಣ ಕಾಣಿಸ್ಲಿ, ನಿಮಗೂ ಹಾಕ್ತೀನಿ."

ಅವನು ನಕ್ಕ. ಬಾಗಿಲಿಗೊರಗಿ ಹಲ್ಲುಜ್ಜುತ್ತಿದ್ದ ಅವನ ಮಗಳು ನಗಲಿಲ್ಲ, ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಒಳಗೆ ಹೋದಳು.

ಬೀಜ ಆ ಹುಡುಗಿಯ ಅಮ್ಮನದು. ಟೈಲರಾಂಟಿ ಎರಡನೇ ಹೆಂಡತಿಯಾಗಿ ಈ ಮನೆಗೆ ಬಂದ ವಾರದಲ್ಲೇ ಹುಡುಗಿ ಒಂದು ಡಬ್ಬಿಯನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟು, "ಅಮ್ಮ ಪ್ರತಿ ವರ್ಷ ಹಾಕ್ತಿದ್ಲು. ಈ ಸಲ ನೀವು ಹಾಕಿ," ಎಂದಿದ್ದಳು. ಅಷ್ಟೇ ಹೇಳಿ ಹೋಗಿದ್ದಳು. ಆ ಅಮ್ಮನ ಅಳತೆಗಳು ಟೈಲರಾಂಟಿಗೆ ಈಗಲೂ ಬಾಯಿಪಾಠ. ಕಾಯಿಲೆಯ ವರ್ಷದಲ್ಲಿ ಅವಳ ಬಟ್ಟೆಗಳಿಗೆ ಮತ್ತೆ ಮತ್ತೆ ಒಳಹೊಲಿಗೆ ಹಾಕಿ ಚಿಕ್ಕದು ಮಾಡಿಕೊಟ್ಟವಳು ಇವಳೇ. ಮೈ ತುಂಬಿಕೊಂಡಾಗ ಬಿಚ್ಚಿದರಾಯಿತೆಂದು ಹೆಚ್ಚಿನ ಬಟ್ಟೆಯನ್ನು ಕತ್ತರಿಸದೆ ಒಳಗೇ ಬಿಟ್ಟಿರುತ್ತಿದ್ದಳು. ಆದರೆ ಗಿಡದ ವಿಷಯ ಅವರಿಬ್ಬರ ನಡುವೆ ಯಾವತ್ತೂ ಬಂದಿರಲಿಲ್ಲ.

ಹುಡುಗಿ ಅಂಗಡಿಗೆ ಬರುತ್ತಿದ್ದಾಗ ಕರೆಯುತ್ತಿದ್ದಂತೆಯೇ ಈಗಲೂ ಟೈಲರಾಂಟಿ ಎನ್ನುತ್ತಿದ್ದಳು. ಅದಕ್ಕೆ ಬೇಜಾರೇನಿಲ್ಲ. ಆದರೆ ಈ ಗಿಡ ಹೂ ಬಿಡದಿದ್ದರೆ ತಾನು ಈ ಮನೆಯಲ್ಲಿ ಕೊನೆವರೆಗೂ ಅಳತೆ ತೆಗೆಯಲು ಬಂದವಳಾಗಿಯೇ ಉಳಿದುಬಿಡುತ್ತೇನೆ ಎಂದು ಅವಳಿಗೆ ಅನಿಸತೊಡಗಿತ್ತು. ಅದಕ್ಕೇ ಮನೆಯ ಮುಂದೆ, ನಲ್ಲಿಯ ಪಕ್ಕ, ಇರುವುದರಲ್ಲೇ ಒಳ್ಳೆಯ ಮಣ್ಣಿನಲ್ಲಿ ಬೀಜ ಹಾಕಿದ್ದಳು. ನರ್ಸರಿಯವನನ್ನು ಕೇಳಿದ್ದಳು, ಪಕ್ಕದ ಮನೆಯಾಕೆಯನ್ನು ಕೇಳಿದ್ದಳು, ಬಟ್ಟೆ ಹೊಲಿಸಲು ಬಂದವರನ್ನೂ ಬಿಟ್ಟಿರಲಿಲ್ಲ. ಹೇಳಿದ್ದನ್ನೆಲ್ಲ ತಪ್ಪದೆ ಸುರಿದಿದ್ದಳು.

ಮಧ್ಯಾಹ್ನ ಒಗೆದ ಬಟ್ಟೆಗೆ ಕ್ಲಿಪ್ ಹಾಕುತ್ತಿದ್ದಾಗ ಗಾಳಿಗೆ ದಿಂಬಿನ ಕವರೊಂದು ಹಾರಿ ಹಳೇ ಸಾಮಾನಿನ ಶೆಡ್ಡಿನ ಆಚೆ ಬಿತ್ತು. ಅಲ್ಲಿಗೆ ಹೋಗುವ ಕೆಲಸ ಅವಳಿಗೆ ಇಲ್ಲಿಯವರೆಗೆ ಬಿದ್ದಿರಲಿಲ್ಲ. ಬಚ್ಚಲು ರಿಪೇರಿ ಮಾಡಿಸಿದಾಗ ಒಡೆದ ಟೈಲ್ಸು, ಗಾರೆ, ಇಟ್ಟಿಗೆ ಚೂರು ಎಲ್ಲ ತಂದು ಗುಡ್ಡೆ ಹಾಕಿದ ಜಾಗ. ಮರದ ನೆರಳೂ ಇಲ್ಲದೆ ಬಿಸಿಲು ನೆತ್ತಿ ಸುಡುತ್ತಿತ್ತು.

ಗುಡ್ಡೆಯ ತುಂಬ ಹೂವು. ಕಿತ್ತಳೆ, ಹಳದಿ, ನಡುನಡುವೆ ಕೆಂಡದಂಥ ಕೆಂಪು. ಎಲೆಗಳು ನಾಣ್ಯದಷ್ಟು ಸಣ್ಣವು, ಬಣ್ಣಗೆಟ್ಟಿದ್ದವು. ಹೂವಿನ ನಡುವೆ ಅವನ್ನು ಹುಡುಕಬೇಕು. ಪಕ್ಕದಲ್ಲಿ ಬೋರಲು ಹಾಕಿದ ಪೇಂಟಿನ ಡಬ್ಬ. ಅದರ ಮೇಲಲ್ಲ, ಅದಕ್ಕೆ ಒರಗಿಕೊಂಡು ನೆಲದ ಮೇಲೆ ಹುಡುಗಿ ಕೂತಿದ್ದಳು.

"ನೋಡಿಬಿಟ್ರಾ," ಎಂದಳು.

ಟೈಲರಾಂಟಿ ದಿಂಬಿನ ಕವರನ್ನು ಎತ್ತಿಕೊಂಡು ಮಡಚಿದಳು. ಮತ್ತೆ ಬಿಚ್ಚಿ ಮಡಚಿದಳು. "ಅರ್ಧ ಬೀಜ ನೀನೇ ಇಟ್ಕೊಂಡಿದ್ದೆ."

"ಹ್ಞೂಂ."

"ಜಾಗ ಇದೇ ಅಂತ ನಿಂಗೆ ಗೊತ್ತಿತ್ತು."

"ಅಮ್ಮ ಇಲ್ಲೇ ಹಾಕ್ತಿದ್ದಿದ್ದು. ಒಳ್ಳೆ ಮಣ್ಣು ಕೊಟ್ರೆ ಇದು ಬರೀ ಎಲೆ ಬಿಡುತ್ತೆ."

"ನಾನು ದಿನಾ ಬೆಳಗಾದ್ರೆ ಅದರ ಮುಂದೆ ಹೋಗಿ ಕೂರೋದು ನೋಡ್ತಿದ್ದೆಯಲ್ಲೇ! ಒಂದು ಮಾತು ಹೇಳಬಾರದಿತ್ತಾ?"

"ನರ್ಸರಿಯವನನ್ನ ಕೇಳಿದ್ರಿ. ಪಕ್ಕದ್ಮನೆಯವರನ್ನ ಕೇಳಿದ್ರಿ." ಹುಡುಗಿ ಗಾರೆಯ ಚೂರೊಂದನ್ನು ಎತ್ತಿ ದೂರ ಎಸೆದಳು. "ನನ್ನ ಕೇಳಲಿಲ್ಲ."

ಟೈಲರಾಂಟಿಗೆ ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಅದು ಅಲ್ಲೇ ನಿಂತಿತು. ಕೇಳುವುದೆಂದರೆ ಆ ಅಮ್ಮನಿಗೆ ಗೊತ್ತಿದ್ದದ್ದು ತನಗೆ ಗೊತ್ತಿಲ್ಲವೆಂದು ಈ ಹುಡುಗಿಯ ಎದುರು ಒಪ್ಪಿಕೊಳ್ಳುವುದು. ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದ್ದಳು. ಅಡುಗೆಮನೆಗೆ ಹೋದವಳು ಒಂದು ಜಗ್ ನೀರು ತುಂಬಿಕೊಂಡು ಬಂದಳು.

"ಬೇಡ," ಎಂದಳು ಹುಡುಗಿ, ಎದ್ದು ಅಡ್ಡ ನಿಂತು.

"ಬಾಡಿದೆ ಕಣೇ, ನೋಡು ಹೇಗೆ ತಲೆ ಬಗ್ಗಿಸಿದೆ."

"ಈ ಹೊತ್ತಲ್ಲಿ ಹಾಗೇ ಇರುತ್ತೆ. ಸಂಜೆ ತಾನೇ ಏಳುತ್ತೆ."

ಟೈಲರಾಂಟಿ ಜಗ್ಗನ್ನು ಹಿಡಿದು ನಿಂತೇ ಇದ್ದಳು. ಗಾಳಿಗೆ ಹೂವುಗಳೆಲ್ಲ ಒಮ್ಮೆ ಹೊರಳಿ ಮತ್ತೆ ಸುಮ್ಮನಾದವು.

"ಹಾಗಾದ್ರೆ ನಿಮ್ಮಮ್ಮ," ಎಂದಳು ಕೊನೆಗೆ, "ಇದಕ್ಕೆ ಏನು ಮಾಡ್ತಿದ್ರು?"

ಹುಡುಗಿ ಈ ಪ್ರಶ್ನೆಗೆ ಬಹಳ ದಿನದಿಂದ ಉತ್ತರ ಇಟ್ಟುಕೊಂಡಿದ್ದವಳಂತೆ ಕಾಣಲಿಲ್ಲ. ಕೈಗಂಟಿದ ಗಾರೆಯ ಪುಡಿ ಕೊಡವಿಕೊಂಡಳು.

"ಏನೂ ಇಲ್ಲ. ಕೆಲಸ ಮುಗಿಸಿ ಬಂದು ಈ ಡಬ್ಬದ ಮೇಲೆ ಕೂತ್ಕೋತಿದ್ಲು. ಅಷ್ಟೇ."

ಟೈಲರಾಂಟಿ ಪೇಂಟಿನ ಡಬ್ಬದ ಕಡೆ ನೋಡಿದಳು. ಅದನ್ನು ಮುಟ್ಟದೆ ಅದರ ಈಚೆ ಬದಿಗೆ ದಿಂಬಿನ ಕವರು ಹಾಸಿ ನೆಲದ ಮೇಲೆ ಕೂತಳು. ಹುಡುಗಿಯೂ ಆಚೆ ಬದಿಯಲ್ಲಿ ಮತ್ತೆ ಕೂತಳು. ಕೂತ ಮೇಲೆ ಕೈಯಲ್ಲಿದ್ದ ನೀರನ್ನು ಏನು ಮಾಡುವುದೆಂದು ಟೈಲರಾಂಟಿಗೆ ತಿಳಿಯಲಿಲ್ಲ. ಜಗ್ಗನ್ನು ಎತ್ತಿ ತಾನೇ ಕುಡಿಯತೊಡಗಿದಳು.