ಬುತ್ತಿ ಕಳಿಸಬೇಡಿ

"ಆ ಕಲೆ ಮುಚ್ಚಬೇಡಿ," ಎಂದು ಯಹೂದಿ ಮುದುಕ ರಿಯಾಝನ ಕೈ ತಡೆದ. ಗಲ್ಫಿನ ಅಲ್ ಬರ್ಷಾದಲ್ಲಿ ರಿಯಾಝ ಕೆಲಸಕ್ಕಿದ್ದ ಫ್ರೇಮ್ ಅಂಗಡಿಗೆ ಮುದುಕ ಗಾಜು ಹಾಕಿಸಲು ತಂದಿದ್ದ ಹಳೇ ಕಾಗದದ ಅಂಚಿಗೆ ಸಾರಿನ ಕಲೆಯಿತ್ತು. ಮುದುಕನ ಮುತ್ತಜ್ಜ ರಬ್ಬಿ, ಯಹೂದಿ ಧರ್ಮಗುರು ಆಗಿದ್ದವರು. ಮುಚ್ಚಿಹೋಗುವಂತಿದ್ದ ತಮ್ಮ ಧರ್ಮಪಾಠಶಾಲೆಯ ಹುಡುಗರಿಗೆ ಊರವರು ಊಟ ಹಾಕಬೇಕೆಂದು ಬೇಡಿ ಬರೆದ ಪತ್ರ ಅದು. ಯಾರದೋ ಮನೆಯ ಊಟದ ಮೇಜಿನ ಮುಂದೆಯೇ ಕೂತು ಬರೆದದ್ದಂತೆ.

ರಿಯಾಝನ ಮುಖ ಅರಳಿತು. "ನಮ್ಮಲ್ಲೂ ಉಂಟು ಸರ್. ಮಸೀದಿಯಲ್ಲಿದ್ದು ಓದುವ ಹುಡುಗರಿಗೆ ಊರಿನ ಮನೆಗಳಿಂದಲೇ ಊಟ. ನಮ್ಮ ಮನೆಯಿಂದಲೂ ಒಬ್ಬನಿಗೆ ಕ್ಯಾರಿಯರ್ ಹೋಗ್ತದೆ. ಒಂದು ದಿನ ತಪ್ಪಿಸಿದ್ದಿಲ್ಲ."

ಮುದುಕ ತಲೆದೂಗಿ, ಕೊನೆಯ ಸಾಲುಗಳ ಮೇಲೆ ಬೆರಳಾಡಿಸುತ್ತ ಅರ್ಥ ಹೇಳಿದ: "ಪಾಠಶಾಲೆಗೆ ಬುತ್ತಿ ಕಳಿಸಬೇಡಿ. ಹುಡುಗನನ್ನು ಒಳಗೆ ಕರೆದು ನಿಮ್ಮ ಮಕ್ಕಳ ಪಕ್ಕ ಕೂರಿಸಿ. ಬಾಗಿಲಾಚೆ ಉಂಡವನು ಹಸಿದೇ ಏಳುತ್ತಾನೆ."

ರಿಯಾಝನ ಕಿವಿ ಬಿಸಿಯಾಯಿತು. ಹಳೇ ಮನೆಯಲ್ಲಿ ಆ ಹುಡುಗ ಇವನ ಮಕ್ಕಳ ಜೊತೆಯೇ ಕೂತು ಉಣ್ಣುತ್ತಿದ್ದ. ಹೊಸ ಮನೆಗೆ ಬಿಳಿ ಮಾರ್ಬಲ್ ಹಾಸಿದ ಮೇಲೆ, ಅವನ ಕೆಸರುಗಾಲು ಒಳಗೆ ಬರಬಾರದೆಂದು ಕ್ಯಾರಿಯರ್ ಕೊಂಡುಕೊಟ್ಟವನು ಇವನೇ. ಗಾಜನ್ನು ಮೆಲ್ಲನೆ ಕೆಳಗಿಟ್ಟು, ಅಂಗಡಿಯ ಹಿಂದೆ ಹೋಗಿ ಊರಿಗೆ ಫೋನು ಮಾಡಿದ.

"ಶಾಹಿನಾ, ಇನ್ನು ಆ ಹುಡುಗನಿಗೆ ಕ್ಯಾರಿಯರ್ ಕಳಿಸುವುದು ಬೇಡ."

ಆ ಕಡೆ ಹೆಂಡತಿ ಕ್ಯಾರಿಯರ್ ಕೆಳಗಿಟ್ಟ ಸದ್ದು ಕೇಳಿತು.

"ಮೊದಲು ಮನೆಯೊಳಗೆ ಬರುವುದು ಬೇಡ ಅಂದ್ರಿ," ಎಂದಳು. "ಈಗ ಊಟವೂ ಬೇಡವಾ?"